ಬೆನ್ನಿಗೆ ಹಾಕಿದ ಜಿಪ್

ನಿಲುವಂಗಿಯ ಬೆನ್ನಿಗೆ ಯಾರೋ ಜಿಪ್ ಹಾಕಿದ್ದರು.

ನಿವೆಸ್ ಮೊದಲು ನಂಬಲಿಲ್ಲ. ಹಳೆಬಾಗಿಲು ಕೇರಿಯ ಸಂಘದ ಕೋಣೆಯಲ್ಲಿ ಬೀರು ತೆರೆದು, ಮೆರವಣಿಗೆಯ ಉಡುಪುಗಳನ್ನು ಒಂದೊಂದಾಗಿ ಗಾಳಿಗೆ ಹಾಕುತ್ತಿದ್ದಳು. ಜುಲೈ ಮುಗಿಯುತ್ತ ಬಂದಿತ್ತು. ಮೊಂತೆಸ್ಪಿನೊ ಊರಿನ ನಾಲ್ಕು ಕೇರಿಯವರೂ ಐನೂರು ವರ್ಷ ಹಿಂದಿನವರ ಹಾಗೆ ಉಟ್ಟು ತೊಟ್ಟು, ಒಳ್ಳೆಯ ಉಡುಪಿನ ಬಹುಮಾನಕ್ಕಾಗಿ ಚೌಕಕ್ಕೆ ನಡೆಯುವ ದಿನ ಹತ್ತಿರದಲ್ಲಿತ್ತು. ತನ್ನ ಕೆಂಪು ನಿಲುವಂಗಿಯನ್ನು ಎತ್ತಿ ಕಿಟಕಿಯ ಬೆಳಕಿಗೆ ತಿರುಗಿಸಿದಾಗ, ಬೆನ್ನ ನಡುವೆ ಕಪ್ಪಗೆ ಏನೋ ಹಾವಿನ ಮರಿಯಂತೆ ಮಲಗಿತ್ತು. ಬೆರಳಿಟ್ಟಳು. ತಣ್ಣಗಿತ್ತು. ಎಳೆದಳು. ಜರ್ರೆಂದು ಬಾಯಿ ಬಿಟ್ಟಿತು.

ಆ ಉಣ್ಣೆಬಟ್ಟೆಗೆ ಬಣ್ಣ ಕಟ್ಟಿದ್ದು ಅವಳೇ. ಮಂಜಿಷ್ಠದ ಬೇರನ್ನು ಅಡುಗೆಮನೆಯಲ್ಲಿ ಕುದಿಸಿ ಕುದಿಸಿ, ಮಾಡಿದ ಕಾಫಿಗೂ ಅದೇ ವಾಸನೆ ಹತ್ತಿತ್ತು. ಊರ ಚರ್ಚಿನ ಗೋಡೆಯ ಚಿತ್ರದಲ್ಲಿ, ದೇವಮಾತೆಯ ಹಿಂದೆ ಬುಟ್ಟಿ ಹಿಡಿದು ನಿಂತ ಹೆಂಗಸೊಬ್ಬಳಿದ್ದಾಳೆ. ಅವಳ ಮೈಮೇಲಿನ ಕೆಂಪೇ ಇದು. ಮಷೀನಿನ ಒಂದು ಹೊಲಿಗೆಯೂ ಇದರಲ್ಲಿರಲಿಲ್ಲ. ದಾರಕ್ಕೆ ಜೇನುಮೇಣ ಸವರಿ, ಕಣ್ಣು ನೋಯುವವರೆಗೆ ಕೂತು ಕೈಯಲ್ಲೇ ಹೊಲಿದಿದ್ದಳು. ಬೆನ್ನಿನ ಬಟ್ಟೆ ಇಡಿಯ ಒಂದೇ ತುಂಡು; ಬಿಗಿಯುವುದಕ್ಕೆ ಎರಡೂ ಪಕ್ಕೆಯಲ್ಲಿ ಲಾಡಿ. ಈಗ ಆ ಇಡಿಯ ತುಂಡನ್ನು ಯಾರೋ ಕತ್ತಿನಿಂದ ಸೊಂಟದವರೆಗೆ ಸೀಳಿದ್ದರು.

ಅವಳು ಕೂಗಲಿಲ್ಲ. ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡು ಆ ಹೊಲಿಗೆಗಳನ್ನು ನೋಡಿದಳು. ಒಂದಕ್ಕೊಂದು ಸಂಬಂಧವಿಲ್ಲದ ಹೊಲಿಗೆಗಳು. ಪ್ರತಿಯೊಂದಕ್ಕೂ ಅದರದೇ ಗಂಟು, ಗಂಟಿನ ಮೇಲೆ ಇನ್ನೊಂದು ಗಂಟು, ತುದಿಯಲ್ಲಿ ಒಂದಿಷ್ಟು ದಾರ ಬಿಟ್ಟು ಕತ್ತರಿಸಿದ್ದು. ಬಟ್ಟೆ ಹೊಲಿಯುವವರು ಹೀಗೆ ಹೊಲಿಯುವುದಿಲ್ಲ. ಗಾಯ ಹೊಲಿಯುವವರು ಹೊಲಿಯುತ್ತಾರೆ. ಕಳೆದ ಚಳಿಗಾಲದಲ್ಲಿ ಅವಳ ಔಷಧಿ ಅಂಗಡಿಯ ಬೆಕ್ಕು ಜಗಳವಾಡಿ ಹೊಟ್ಟೆ ಹರಿದುಕೊಂಡು ಬಂದಾಗ, ಇಂಥದೇ ಹೊಲಿಗೆ ಹಾಕಿಸಿಕೊಂಡು ವಾಪಸಾಗಿತ್ತು. ಬೆಕ್ಕನ್ನು ಕರೆದುಕೊಂಡು ಹೋಗಿದ್ದು ಪಕ್ಕದ ಮನೆಯವರು. ನಿವೆಸ್ ಹೋಗಿರಲಿಲ್ಲ. ಪಶುವೈದ್ಯನ ಆ ದವಾಖಾನೆಯ ಹೊಸ್ತಿಲು ತುಳಿಯಬಾರದೆಂದು ಅವಳು ಆಣೆ ಹಾಕಿಕೊಂಡಿದ್ದಳು.

ಆ ಆಣೆ ಅವತ್ತು ಮುರಿಯಿತು.

ಕಾಯುವ ಕೋಣೆಯಲ್ಲಿ ಅಜ್ಜಿಯೊಬ್ಬಳು ಮೊಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ನಿವೆಸ್ ಸರದಿ ಕಾಯಲಿಲ್ಲ. ಒಳಬಾಗಿಲು ದೂಡಿಕೊಂಡು ಹೋಗಿ, ನಿಲುವಂಗಿಯನ್ನು ಸ್ಟೀಲ್ ಮೇಜಿನ ಮೇಲೆ ಬೋರಲು ಮಲಗಿಸಿದಳು.

"ಡಾಕ್ಟ್ರೇ, ಈ ರೋಗಿಗೆ ಆಪರೇಷನ್ ಮಾಡಿದ್ದು ನೀವೇನಾ?"

ಕೈ ತೊಳೆಯುತ್ತಿದ್ದ ಲಿವಿಯೊ ತಿರುಗಿದ. ಹಸಿರು ಕೋಟು, ಹಣೆಯ ಮೇಲೆ ಮರೆತು ಬಿಟ್ಟ ಕನ್ನಡಕ. ಮೇಜಿನ ಮೇಲಿದ್ದುದನ್ನು ನೋಡಿದ. ಮೊದಲು ಕಿವಿ ಕೆಂಪಾಯಿತು, ಆಮೇಲೆ ಕತ್ತು. ಹಾಳಾದವನಿಗೆ ಈಗಲೂ ಕಿವಿಯೇ ಮೊದಲು ಕೆಂಪಾಗುತ್ತದೆ ಎಂದು ನಿವೆಸ್ ಅಂದುಕೊಂಡಳು. ಅದು ತನಗಿನ್ನೂ ನೆನಪಿದೆಯಲ್ಲ ಎಂದು ಸಿಟ್ಟು ಇನ್ನಷ್ಟು ಏರಿತು.

"ನಿವೆಸ್, ನಾನು ಹೇಳ್ಬೇಕು ಅಂತಲೇ..."

"ಔಷಧಿ ಅಂಗಡಿಯವರು ಅನ್ನಿ. ಹೆಸರು ಹಿಡಿದು ಕರೆಯೋ ಸಲಿಗೆ ನಮಗಿಲ್ಲ. ಕೇಳಿದ್ದಕ್ಕೆ ಉತ್ತರ ಕೊಡಿ."

"ಹೌದು, ನಾನೇ. ಈ ಸಲ ಮೆರವಣಿಗೇಲಿ ನಮ್ಮ ಕೇರಿ ದೊರೆಸಾನಿ ಫೌಸ್ತಾ, ಈ ಉಡುಪು ಅವಳು ಉಡ್ತಾಳೆ. ಸಂಘದ ಅಧ್ಯಕ್ಷ ಒಟ್ಟಾವಿಯೊ ಒಪ್ಪಿಕೊಂಡ, ಬೀರುವಿನ ಬೀಗದ ಕೈಯನ್ನೂ ಅವನೇ ಕೊಟ್ಟ. ಅವಳ ಎಡಗೈ ಮೇಲೇಳಲ್ಲ. ಪಕ್ಕೆ ಲಾಡಿ ಬಿಗಿಯೋವರೆಗೂ ಎರಡೂ ಕೈ ಎತ್ಕೊಂಡು ನಿಲ್ಲಬೇಕಲ್ಲ, ಅವಳ ಕೈಲಾಗಲ್ಲ. ಅದಕ್ಕೇ..."

ಫೌಸ್ತಾ ಅವನ ಅಕ್ಕ. ಕೇರಿಯ ಬ್ರೆಡ್ ಅಂಗಡಿ ಅವಳದು. ಹೋದ ವರ್ಷ ಲಕ್ವ ಹೊಡೆದು ಎಡಭಾಗ ಸೋತಿತ್ತು. ಅವಳನ್ನು ನೋಡಿಕೊಳ್ಳಲೆಂದೇ ಲಿವಿಯೊ ಉತ್ತರದ ಯಾವುದೋ ಹಸುಗಳ ಸೀಮೆಯಿಂದ ಊರಿಗೆ ಮರಳಿದ್ದ. ಅಲ್ಲಿ ಮದುವೆಯಾಗಿದ್ದ, ಅದು ಮುರಿದೂ ಹೋಗಿತ್ತು ಎಂದು ಊರು ಮಾತಾಡಿಕೊಂಡಿತ್ತು.

ಕಾರಣ ಒಳ್ಳೆಯದೇ ಆಗಿತ್ತು. ನಿವೆಸ್‌ಗೆ ಅದೇ ಸಹಿಸಲಾಗಲಿಲ್ಲ. ಕೆಟ್ಟ ಕಾರಣವಾಗಿದ್ದರೆ ಬೈದು, ಬಾಗಿಲು ಬಡಿದು ಹೋಗಿಬಿಡಬಹುದಿತ್ತು.

"ಕತ್ತರಿ ಹಾಕೋಕೆ ಮುಂಚೆ ಒಂದು ಫೋನ್ ಮಾಡೋಕೆ ಆಗ್ಲಿಲ್ವಾ ನಿಮಗೆ?"

"ಮಾಡಿದ್ರೆ ನೀನು ಬೇಡ ಅಂತಿದ್ದೆ."

"ನಾನು ಏನಂತಿದ್ದೆ ಅಂತ ನಿನಗೆ ಹೆಂಗೋ ಗೊತ್ತು? ಕೇಳಿದೀಯಾ? ನನ್ನ ಪ್ರಶ್ನೆನೂ ನೀನೇ, ನನ್ನ ಉತ್ತರಾನೂ ನೀನೇ. ಮಧ್ಯೆ ನಾನ್ಯಾಕೆ ಬೇಕು ನಿನಗೆ?"

'ನೀವು' ಹೋಗಿ 'ನೀನು' ಬಂದದ್ದು ಇಬ್ಬರಿಗೂ ಕೇಳಿಸಿತು. ಲಿವಿಯೊ ಕನ್ನಡಕವನ್ನು ಮೂಗಿಗಿಳಿಸಿ ಅವಳನ್ನು ನೋಡಿದ. ಇಪ್ಪತ್ತು ವರ್ಷಗಳಲ್ಲಿ ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ಆ ನೋಟ ಅವಳ ಹುಬ್ಬಿನ ಮೇಲಿನ ಹಳೆಯ ಗಾಯದ ಕಲೆಯಲ್ಲಿ ಒಂದು ಕ್ಷಣ ನಿಂತು ಕೆಳಗಿಳಿಯಿತು. ಅವನ ಸ್ಕೂಟರಿನಿಂದ ಬಿದ್ದಾಗ ಆದ ಕಲೆ. ನಿವೆಸ್ ನಿಲುವಂಗಿಯನ್ನು ಎಳೆದುಕೊಂಡು ಹೊರಟಳು.

"ಪಾಪ, ಬದುಕಿತಾ?" ಎಂದು ಹೊರಗೆ ಮೊಲದ ಅಜ್ಜಿ ಕೇಳಿದಳು.

"ಇನ್ನೂ ಗೊತ್ತಿಲ್ಲ."

ಒಂದು ಕಾಲಕ್ಕೆ ಲಿವಿಯೊ ಅವಳವನಾಗಿದ್ದ. ಬೇಸಗೆಯಿಡೀ ಸಮುದ್ರದ ದಡಕ್ಕೆ ಒಟ್ಟಿಗೆ ಹೋಗಿ ಬರುತ್ತಿದ್ದರು. ಚಳಿಗಾಲದಲ್ಲಿ ಅವಳ ಮನೆಯ ಒಲೆಯ ಮುಂದೆ ಕೂತು ಪಾಠ ಓದಿಕೊಳ್ಳುತ್ತಿದ್ದರು. ಇವರ ಮದುವೆ ಯಾವಾಗ ಎಂದು ಇಡೀ ಕೇರಿ ಕೇಳುತ್ತಿತ್ತು. ಹೀಗಿರುವಾಗ ಒಂದು ದಿನ ಅವನು ಊರಲ್ಲಿರಲಿಲ್ಲ. ಉತ್ತರದಲ್ಲಿ ಕೆಲಸ ಸಿಕ್ಕಿ ಹೋದ ಎಂದು ಅವಳಿಗೆ ಹೇಳಿದ್ದು ಬ್ರೆಡ್ ಕೊಡುತ್ತ ನಿಂತಿದ್ದ ಫೌಸ್ತಾ. ಅಂಗಡಿ ತುಂಬ ಜನರಿದ್ದರು. ನಿವೆಸ್ ಚಿಲ್ಲರೆ ಎಣಿಸಿಕೊಂಡು ಮನೆಗೆ ಬಂದಿದ್ದಳು.

ದವಾಖಾನೆಯಿಂದ ಅವಳು ನೇರವಾಗಿ ಫೌಸ್ತಾಳ ಮನೆಗೆ ಹೋದಳು. ಫೌಸ್ತಾ ಅಡುಗೆಮನೆಯಲ್ಲಿ ಕೂತು ಒಂದೇ ಕೈಯಲ್ಲಿ ಹುರುಳಿಕಾಯಿ ಮುರಿಯುತ್ತಿದ್ದಳು. ನಿವೆಸ್ ಹಾಸಿ ತೋರಿಸಿದ ಬೆನ್ನನ್ನು ನೋಡಿ ಅವಳ ಬಾಯಿ ಸೊಟ್ಟಗಾಯಿತು. ಲಕ್ವ ಆದಮೇಲೆ ಅವಳ ನಗು ಒಂದೇ ಕಡೆ ಬರುತ್ತಿತ್ತು.

"ನಾನು ಕೇಳಿದ್ದು ಉಡ್ತೀನಿ ಅಂತ ಕಣೇ. ಕೊಯ್ಯಿ ಅಂತಲ್ಲ."

"ಈ ಜಿಪ್ ಎಳೆಯೋದು ಯಾರು? ಬೆನ್ನಿಗೆ ನಿನ್ನ ಕೈ ಸಿಗುತ್ತಾ?"

"ಇನ್ಯಾರು, ಅವನೇ. ಶೂ ಲೇಸ್ ಕಟ್ಟೋನು ಅವನು. ತಟ್ಟೇಲಿರೋ ಮಾಂಸ ಕತ್ತರಿಸೋನು ಅವನು. ಮೊನ್ನೆ ನಂಗೆ ಸೀನು ಬಂತು, ಮೂಗಿಗೆ ಕರ್ಚೀಫು ಹಿಡಿದ. ಒಳ್ಳೆಯವನೇ. ಒಂದೊಂದ್ಸಲ ಕಚ್ಚಿಬಿಡೋಣ ಅನ್ಸುತ್ತೆ."

ನಿವೆಸ್ ತಣ್ಣನೆಯ ನೀರು ಕುಡಿದಳು. ನಿಲುವಂಗಿಯನ್ನು ತಿರುಗಿಸಿ ಮುಂಭಾಗ ನೋಡಿದಳು. ಆ ಕಾಲದಲ್ಲೂ ಕೈಲಾಗದವರಿದ್ದರು, ಬಸುರಿಯರಿದ್ದರು, ಹಾಲೂಡಿಸುವವರಿದ್ದರು. ಅವರ ಉಡುಪು ಎದೆಯ ಮುಂದೆ ತೆರೆಯುತ್ತಿತ್ತು. ಒಂದೇ ಲಾಡಿ, ಬಳ್ಳಿಯಂತೆ ಸುತ್ತಿ ಸುತ್ತಿ ಮೇಲೆ ಬರುತ್ತದೆ. ಕೂತುಕೊಂಡು, ಒಂದು ಕೈಯಲ್ಲಿ, ಯಾರ ಹಂಗೂ ಇಲ್ಲದೆ ಕಟ್ಟಿಕೊಳ್ಳಬಹುದು.

ಆದರೆ ಅದಕ್ಕೆ ಮುಂಭಾಗವನ್ನೂ ಸೀಳಬೇಕು.

"ಫೌಸ್ತಾ, ಬೆನ್ನು ಹೊಲಿದು ಮುಚ್ತೀನಿ. ಎದೆ ಮುಂದೆ ತೆರೆಯೋ ಹಾಗೆ ಮಾಡಿದ್ರೆ ನೀನೇ ಕಟ್ಕೋಬಹುದು. ನಿಧಾನ ಆಗುತ್ತೆ, ಬೆರಳು ನೋಯುತ್ತೆ. ಮಾಡ್ಲಾ, ಬೇಡ್ವಾ?"

ಫೌಸ್ತಾ ಹುರುಳಿಕಾಯಿ ಕೆಳಗಿಟ್ಟಳು. "ನನ್ನನ್ನ ಯಾರಾದ್ರೂ ಏನಾದ್ರೂ ಕೇಳಿ ಎಷ್ಟು ಕಾಲ ಆಯ್ತೇ. ಮಾಡು."

ಲಿವಿಯೊ ಊಟಕ್ಕೆಂದು ಮನೆಗೆ ಬಂದಾಗ ನಿವೆಸ್ ಅಡುಗೆಮನೆಯ ಮೇಜಿನ ಮೇಲೆ ತನ್ನದೇ ನಿಲುವಂಗಿಗೆ ಕತ್ತರಿ ಹಾಕುತ್ತಿದ್ದಳು. ತುಟಿ ಬಿಗಿದಿದ್ದಳು. ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು. ಕತ್ತರಿ ಮಾತ್ರ ಅಲುಗದೆ ಎಳೆಯಗುಂಟ ನೇರವಾಗಿ ಹೋಗುತ್ತಿತ್ತು.

"ಏನ್ ಮಾಡ್ತಿದೀಯ ನಿವೆಸ್? ಹಾಳಾಗುತ್ತೆ."

"ಇದಕ್ಕೆ ಕತ್ತರಿ ಹಾಕೋ ಹಕ್ಕು ಯಾರಿಗಿದೆಯೋ ಅವರು ಹಾಕ್ತಿದಾರೆ." ತಲೆ ಎತ್ತದೆ ಹೇಳಿದಳು. "ಈ ಎರಡು ಅಂಚಿಗೂ ಉದ್ದಕ್ಕೆ ಲಾಡಿ ತೂರೋ ತೂತು ಬೇಕು. ದಬ್ಬಳದಿಂದ ಎಳೆ ಸರಿಸಬೇಕು, ಒಂದೆಳೆನೂ ಕಡೀಬಾರದು. ಆಮೇಲೆ ರೇಷ್ಮೆ ದಾರದಲ್ಲಿ ಸುತ್ತ ಕಟ್ಟಬೇಕು. ಅದನ್ನ ಮಾಡೋನು ನೀನು. ಅಂಗಡಿ ಮುಚ್ಚಿದ ಮೇಲೆ ಬಾ. ಕೈ ತೊಳ್ಕೊಂಡು ಬಾ, ದನದ ವಾಸನೆ ಬಟ್ಟೆಗೆ ಹತ್ತುತ್ತೆ."

"ನಂಗೆ ಅಂಥಾ ಹೊಲಿಗೆ ಬರಲ್ಲ."

"ಗೊತ್ತು. ನೋಡಿದೆ."

ಫೌಸ್ತಾ ಕಿಟಕಿಯ ಕಡೆ ತಿರುಗಿ ಅರ್ಧ ಬಾಯಲ್ಲಿ ನಕ್ಕಳು.

ಸಂಜೆಯಾದರೆ ಅವನು ಬರತೊಡಗಿದ. ಔಷಧಿ ಅಂಗಡಿಯ ಮೇಲಿನ ಅವಳ ಮನೆಯಲ್ಲಿ, ಬಾಲ್ಕನಿಯ ಬಾಗಿಲು ತೆರೆದಿಟ್ಟು, ಎದುರು ಬದುರು ಕೂತು ಹೊಲಿಯುತ್ತಿದ್ದರು. ನಿವೆಸ್ ಬೆನ್ನಿನ ಸೀಳನ್ನು ಕಣ್ಣಿಗೆ ಕಾಣದ ಹಾಗೆ ಕೂಡಿಸುತ್ತಿದ್ದಳು. ಲಿವಿಯೊನಿಗೆ ಮೊದಲು ಚಿಂದಿ ಬಟ್ಟೆಯ ಮೇಲೆ ಅಭ್ಯಾಸ. ಅವನು ಮಾಡಿ ತೋರಿಸುವುದು, ಅವಳು ನೋಡಿ ಹಿಂದಕ್ಕೆ ಎಸೆಯುವುದು.

"ಇದೇನು, ಕಣ್ಣಾ, ತೂತಾ?"

"ತೂತು."

"ಅಳೋ ಕಣ್ಣಿನ ಹಾಗಿದೆ. ಬಿಚ್ಚು."

ಅವನು ಬಿಚ್ಚುತ್ತಿದ್ದ. ಬೆರಳಿಗೆ ಚುಚ್ಚಿಕೊಂಡರೆ ಬಾಯಿಗಿಟ್ಟುಕೊಳ್ಳುತ್ತಿದ್ದ.

"ಕರು ಹೊರಗೆಳೆಯೋ ಕೈ ಇದು," ಎಂದ ಒಮ್ಮೆ. "ಇಷ್ಟು ಸಣ್ಣ ಕೆಲಸಕ್ಕೆ ಬಗ್ಗಲ್ಲ."

"ಬಗ್ಗಿಸ್ತೀನಿ."

ಅಷ್ಟೇ ಮಾತು. ಆದರೆ ಮಾತು ಕಡಿಮೆಯಾದಷ್ಟು ಕಣ್ಣಿಗೆ ಕೆಲಸ ಹೆಚ್ಚು. ಸೂಜಿಗೆ ದಾರ ಪೋಣಿಸುವಾಗ ಅವನು ನಾಲಿಗೆಯ ತುದಿ ಕಚ್ಚುವುದನ್ನು ನಿವೆಸ್ ನೋಡಿದಳು. ಕತ್ತಿನ ಹಿಂದೆ ಕೂದಲು ನರೆತದ್ದನ್ನು ನೋಡಿದಳು. ಅಂಗಿಯ ತೋಳು ಮಡಿಚಿದಾಗ ಮೊಣಕೈಯ ಒಳಗೆ ಬಿಸಿಲು ಕಾಣದ ಬಿಳಿಯ ಚರ್ಮ. ಅದನ್ನು ನೋಡಿ ಸಿಟ್ಟಿನಿಂದ ದಾರ ಹರಿದಳು. ಅವನೂ ನೋಡುತ್ತಿದ್ದ. ಅವಳು ಹಲ್ಲಿನಲ್ಲಿ ಗುಂಡುಸೂಜಿ ಹಿಡಿದು ತಲೆ ಬಗ್ಗಿಸಿದರೆ, ಎದುರಿನ ಕೈ ನಿಂತುಹೋಗುತ್ತಿತ್ತು.

"ಕೆಲಸ ನೋಡು."

"ನೋಡ್ತಾ ಇದೀನಿ."

"ಬಟ್ಟೆ ಕಡೆ."

ಒಂದು ಸಂಜೆ ಅವನು ಕಟ್ಟಿದ ತೂತು ಸರಿಯಾಗಿ ಬಂತು. ದುಂಡಗೆ, ಬಿಗಿಯಾಗಿ, ಹೂವಿನ ನಡುವಿನಂತೆ. ನಿವೆಸ್ ಅದನ್ನು ದೀಪಕ್ಕೆ ಹಿಡಿದು ನೋಡಿ, ನಿಲುವಂಗಿಯ ನಿಜವಾದ ಅಂಚನ್ನು ಅವನ ಕೈಗೆ ಕೊಟ್ಟಳು. ಅವನ ಮುಖ ಅರಳಿತು. ಆ ಖುಷಿಯಲ್ಲಿ, ಹೇಳಬಾರದ ಹೊತ್ತಿನಲ್ಲಿ, ಅವನು ಬಾಯಿಬಿಟ್ಟ.

"ಆವತ್ತು ನಾನು ಯಾಕೆ ಹೇಳದೆ ಹೋದೆ ಗೊತ್ತಾ?"

"ಕೇಳಿಲ್ಲ ನಾನು."

"ನಿಮ್ಮಮ್ಮ ಹಾಸಿಗೆ ಹಿಡಿದಿದ್ರು. ನನ್ನ ಜೊತೆ ಬಾ ಅಂತ ಕೇಳಿದ್ರೆ ನೀನು ಅವರನ್ನ ಬಿಡಬೇಕಿತ್ತು, ಇಲ್ಲಾ ನನ್ನನ್ನ ಬಿಡಬೇಕಿತ್ತು. ಆ ಸಂಕಟಕ್ಕೆ ನಿನ್ನ ಸಿಕ್ಕಿಸೋದು ಬೇಡ ಅಂತ..."

ನಿವೆಸ್ ಸೂಜಿಯನ್ನು ಬಟ್ಟೆಗೆ ಚುಚ್ಚಿ ನಿಲ್ಲಿಸಿದಳು. ಇಷ್ಟು ವರ್ಷ ಅವಳು ನೂರು ಕಾರಣ ಊಹಿಸಿದ್ದಳು. ಇನ್ನೊಬ್ಬಳಿದ್ದಳು, ಬೇಸರವಾಗಿತ್ತು, ತಾನು ಚೆನ್ನಾಗಿರಲಿಲ್ಲ. ಹೀಗೊಂದು ದಯೆಯನ್ನು ಊಹಿಸಿರಲಿಲ್ಲ.

"ಆ ಸಂಕಟ ಯಾರದು?"

"ನಿಂದು."

"ನಂದು ತಾನೇ? ನಂಗೆ ಬೇಕಿತ್ತು ಅದು. ಅಮ್ಮನ್ನ ನಾನು ಬಿಡ್ತಿರಲಿಲ್ಲ. ಬರಲ್ಲ ಹೋಗು ಅಂತಿದ್ದೆ. ಅತ್ತು ಅತ್ತು ಸಾಯ್ತಿದ್ದೆ. ಆದ್ರೆ ಆ 'ಇಲ್ಲ' ನನ್ನದಾಗಿರ್ತಿತ್ತು ಕಣೋ. ನೀನು ಅದನ್ನೂ ಜೊತೇಲಿ ತಗೊಂಡು ಹೋದೆ. ಊರು ಏನಂತು ಗೊತ್ತಾ? ಬಿಟ್ಟು ಹೋದ ಅಂತು. ನಾನು ಯಾರನ್ನೂ ಬಿಟ್ಟಿಲ್ಲ, ಯಾರನ್ನೂ ಕಳಿಸಿಲ್ಲ. ಸುಮ್ನೆ ಬ್ರೆಡ್ ತರೋಕೆ ಹೋಗಿದ್ದೆ."

"ನಿವೆಸ್, ನಾನು ನಿನ್ನ ಒಳ್ಳೇದಕ್ಕೆ..."

"ಎದ್ದೇಳು."

"ತೂತು ಇನ್ನೂ ಬಾಕಿ ಇದೆ."

"ಎದ್ದೇಳು ಅಂದೆ. ಹೊರಗೆ."

ಅವನು ಹೋದ ಮೇಲೆ ಅವಳು ಹೊಲಿಯಲು ಕೂತಳು. ಹೊಲಿಗೆ ಸೊಟ್ಟಗೆ ಹೋಯಿತು. ಹಾಕಿದ್ದನ್ನೆಲ್ಲ ಬಿಚ್ಚಬೇಕಾಯಿತು.

ಮರುದಿನ ಅವನು ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಬಂದರೆ ಮೆಟ್ಟಿಲಿನಿಂದಲೇ ಓಡಿಸಬೇಕೆಂದು ನಿವೆಸ್ ಮಾತು ಸಿದ್ಧಮಾಡಿಟ್ಟುಕೊಂಡಿದ್ದಳು. ಬರದೆ ಹೋದದ್ದಕ್ಕೆ ಆ ಮಾತುಗಳೆಲ್ಲ ಒಳಗೇ ಕೊಳೆತು ಇನ್ನಷ್ಟು ಕಹಿಯಾದವು. ಅಂಗಡಿಯಲ್ಲಿ ಕೆಮ್ಮಿನ ಔಷಧಿ ಕೇಳಿದವರಿಗೆ, ಸಿಗರೇಟು ಬಿಟ್ಟಿದ್ದರೆ ಕೆಮ್ಮು ಬರುತ್ತಿರಲಿಲ್ಲ ಎಂದು ಬೈದು ಕಳಿಸಿದಳು.

ಆ ಮಧ್ಯಾಹ್ನ ಮೆಟ್ಟಿಲ ಮೇಲೆ ಊರುಗೋಲಿನ ಸದ್ದಾಯಿತು. ತುಂಬ ಹೊತ್ತು ಆಗುತ್ತಲೇ ಇತ್ತು. ನಿವೆಸ್ ಬಾಗಿಲು ತೆರೆದಾಗ ಫೌಸ್ತಾ ಗೋಡೆಗೊರಗಿ ಏದುಸಿರು ಬಿಡುತ್ತಿದ್ದಳು.

"ಒಬ್ಬಳೇ ಹತ್ತಿ ಬಂದ್ಯಾ? ತಲೆ ಸರಿ ಇದೆಯಾ ನಿನಗೆ?"

"ಬೈಯಿ, ಬೈಯಿ." ಫೌಸ್ತಾ ಒಳಗೆ ಬಂದು ಕುರ್ಚಿಗೆ ಕುಸಿದಳು. "ಕಾಯಿಲೆ ಬಿದ್ದ ಮೇಲೆ ನನ್ನ ಯಾರೂ ಬೈದಿಲ್ಲ ಕಣೇ. ಎಲ್ಲರೂ ನಗ್ತಾರೆ. ಪಾದ್ರಿನೂ ನಗ್ತಾನೆ, ಬಾಕಿ ಉಳಿಸ್ಕೊಂಡೋರೂ ನಗ್ತಾರೆ. ಮೊನ್ನೆ ಅಳತೆ ತಗೊಳ್ಳೋವಾಗ ಅಲ್ಲಾಡಬೇಡ ಮುದುಕಿ ಅಂತ ನೀನು ಗದರಿದೆಯಲ್ಲ, ನಂಗೆ ಎಷ್ಟು ಸಮಾಧಾನ ಆಯ್ತು ಗೊತ್ತಾ? ನಾನಿನ್ನೂ ಇದೀನಿ ಅನ್ನಿಸ್ತು."

ನಿವೆಸ್ ಅವಳಿಗೆ ನಿಂಬೆಹಣ್ಣಿನ ಪಾನಕ ಕೊಟ್ಟಳು. ಫೌಸ್ತಾ ಕುಡಿದು, ಬಾಯಿಯ ಒಂದು ತುದಿಯಿಂದ ಸೋರಿದ್ದನ್ನು ತಾನೇ ಒರೆಸಿಕೊಂಡಳು.

"ಅವನು ದವಾಖಾನೇಲಿ ಕೂತ್ಕೊಂಡು ಒಣಗ್ತಿದಾನೆ. ನೀನು ಇಲ್ಲಿ ಒಣಗ್ತಿದೀಯ. ನನ್ನ ಉಡುಪು ಮಧ್ಯದಲ್ಲಿ ಎದೆ ತೆರ್ಕೊಂಡು ಬಿದ್ದಿದೆ. ನಾನೇನು ಬರೀ ಮೈಯಲ್ಲಿ ಚೌಕಕ್ಕೆ ಹೋಗ್ಲಾ?"

"ಅವನ ಮೇಲೆ ನಂಗೆ ಸಿಟ್ಟು ಇಳಿಯಲ್ಲ ಫೌಸ್ತಾ."

"ಇಳಿಸು ಅಂದ್ನಾ ನಾನು? ಮಾಡ್ಕೋ. ಮಾಡ್ಕೊಳ್ಳೋದಿದ್ರೆ ಎದುರಿಗೆ ಕೂರಿಸ್ಕೊಂಡು ಮಾಡ್ಕೋ. ಅವನಿಲ್ದೆ ಇದ್ದಾಗ ಇಪ್ಪತ್ತು ವರ್ಷ ಮಾಡ್ಕೊಂಡೆ, ಏನು ಬಂತು? ಅವನಿಗೆ ಅದರ ಬಿಸಿನೂ ತಾಗ್ಲಿಲ್ಲ."

ಸಂಜೆ ನಿವೆಸ್ ಫೋನ್ ಮಾಡಿದಳು. "ತೂತು ಬಾಕಿ ಇದೆ," ಎಂದಷ್ಟೇ ಹೇಳಿ ಇಟ್ಟಳು. ಲಿವಿಯೊ ಬಂದ. ಬಾಗಿಲಲ್ಲಿ ನಿಂತೇ ಕೇಳಿದ:

"ಒಳಗೆ ಬರ್ಲಾ?"

ಅವಳು ದಾರಿ ಬಿಟ್ಟಳು. ಉಳಿದ ದಿನಗಳೆಲ್ಲ ಹೊಲಿದರು. ಅವಳು ಬೈದಳು, ಹೊಟ್ಟೆತುಂಬ ಬೈದಳು. ಆ ವರ್ಷದ ಕ್ರಿಸ್‌ಮಸ್, ಅಮ್ಮ ಹೋದ ದಿನ, ಊರವರ ಕನಿಕರ, ಎಲ್ಲವನ್ನೂ ಅವನ ಮುಂದೆ ಸುರಿದಳು. ಅವನು ಸಮರ್ಥನೆಗೆ ಬಾಯಿ ಹಾಕಲಿಲ್ಲ. ದಬ್ಬಳ ಹಿಡಿದು ಎಳೆ ಸರಿಸುತ್ತ ಕೇಳಿಸಿಕೊಂಡ. ಒಮ್ಮೆ ಮಾತ್ರ, "ಅಮ್ಮ ಹೋದ ದಿನ ಯಾರಿದ್ರು ಜೊತೆಗೆ?" ಎಂದು ಕೇಳಿದ. ಯಾರೂ ಇರಲಿಲ್ಲ ಎಂದಳು. ಅವನು ದಬ್ಬಳವನ್ನು ಕೆಳಗಿಟ್ಟ.

ಮೆರವಣಿಗೆಯ ಮಧ್ಯಾಹ್ನ ಫೌಸ್ತಾ ಸಂಘದ ಕೋಣೆಯಲ್ಲಿ ಕುರ್ಚಿಯ ಮೇಲೆ ಕೂತು, ಒಂದೇ ಕೈಯಲ್ಲಿ, ಎದೆಯ ಲಾಡಿಯನ್ನು ತಾನೇ ಕಟ್ಟಿಕೊಂಡಳು. ಹೊರಗೆ ಡೊಳ್ಳಿನವರು ಬೆವರುತ್ತ ಕಾಯುತ್ತಿದ್ದರು. ಒಟ್ಟಾವಿಯೊ ಮೂರು ಸಲ ಬಾಗಿಲು ತಟ್ಟಿ ಹೊತ್ತಾಯಿತು ಎಂದ. ಮೂರು ಸಲವೂ ಒಳಗಿದ್ದ ಹೆಂಗಸರಿಬ್ಬರೂ ಒಟ್ಟಿಗೆ ಅವನಿಗೆ ಬೈದರು. ಕೊನೆಯ ತೂತಿನಿಂದ ಲಾಡಿ ಎಳೆದು ಗಂಟು ಹಾಕಿದಾಗ ಫೌಸ್ತಾಳ ಹಣೆಯ ಮೇಲೆ ಬೆವರಿತ್ತು. ಗೋಡೆಯ ಚಿತ್ರದ ಕೆಂಪು ಎದ್ದು ನಿಂತಿತು.

ಹೊರಗೆ ಬಂದ ನಿವೆಸ್ ಲಿವಿಯೊನನ್ನು ನೋಡಿ ಹಣೆ ಚಚ್ಚಿಕೊಂಡಳು. ಸಂಘದ ಹಳೆಯ ಪೆಟ್ಟಿಗೆಯಿಂದ ಯಾವುದೋ ಡೊಳ್ಳಿನವನ ಅಂಗಿ ಎಳೆದು ಹಾಕಿಕೊಂಡಿದ್ದ. ಭುಜ ಒಂದು ಕಡೆ, ತೋಳು ಒಂದು ಕಡೆ. ಕಾಲುಚೀಲ ಮಂಡಿಯಲ್ಲಿ ಮುದುರಿ, ಮುದಿ ಆನೆಯ ಚರ್ಮದಂತಿತ್ತು.

"ಇದೇನು ಅವತಾರ?"

"ಸಿಕ್ಕಿದ್ದು ಹಾಕ್ಕೊಂಡೆ."

"ನನ್ನ ಪಕ್ಕ ನಡೀಬೇಡ. ಹಿಂದೆ ಇರು."

ಅವನು ಹಿಂದೆ ಇದ್ದ. ಡೊಳ್ಳು ಶುರುವಾಯಿತು. ಫೌಸ್ತಾ ಊರುಗೋಲನ್ನು ಲಂಗದ ಮಡಿಕೆಯಲ್ಲಿ ಮರೆಸಿಕೊಂಡು ಮುಂದೆ ನಡೆದಳು, ನಿವೆಸ್ ಅವಳ ಎಡಕ್ಕೆ. ಕಿಟಕಿ ಕಿಟಕಿಯಲ್ಲೂ ಜನ. ಬ್ರೆಡ್ ಅಂಗಡಿಯ ಗಿರಾಕಿಗಳು ಹೆಸರು ಕೂಗಿದರು. ಚೌಕಕ್ಕೆ ಏರುವ ಕಡಿದಾದ ಬೀದಿಯ ಅರ್ಧದಲ್ಲಿ ಫೌಸ್ತಾಳ ಎಡಗಾಲು ನಿಂತುಹೋಯಿತು.

ಅವಳ ಮುಖ ಬಿಳಿಚಿತು. ಹಿಂದಿನ ಸಾಲುಗಳು ಒಂದಕ್ಕೊಂದು ತಾಗಿ ನಿಂತವು. ಒಟ್ಟಾವಿಯೊ ಓಡಿ ಬಂದು, ಕುರ್ಚಿ ತರಿಸಲಾ, ಗಾಡಿ ತರಿಸಲಾ ಎಂದ. ಅಷ್ಟರಲ್ಲಿ ಲಿವಿಯೊ ಮುಂದೆ ಬಂದಿದ್ದ. ಅಕ್ಕನ ಸೊಂಟಕ್ಕೆ ಕೈ ಹಾಕಿ ಎತ್ತಲು ಬಗ್ಗಿಯೂ ಆಗಿತ್ತು. ನಿವೆಸ್ ಬಾಯಿ ತೆರೆದಳು.

ಅವಳು ಮಾತಾಡುವ ಮೊದಲೇ ಲಿವಿಯೊ ನಿಂತ. ಚಾಚಿದ ಕೈ ಹಾಗೇ ಗಾಳಿಯಲ್ಲಿತ್ತು. ನಿಧಾನವಾಗಿ ಅದನ್ನು ಹಿಂದಕ್ಕೆ ತೆಗೆದುಕೊಂಡ.

"ಫೌಸ್ತಾ, ಎತ್ಕೊಳ್ಲಾ, ಬೇಡ್ವಾ?"

"ಬೇಡ. ಸುಮ್ನೆ ನಿಂತ್ಕೋ."

ಅವನು ಸುಮ್ಮನೆ ನಿಂತ. ಡೊಳ್ಳು ನಿಂತಿತು. ಬಿಸಿಲಿನಲ್ಲಿ ಇಡೀ ಕೇರಿ, ಬಾವುಟ ಹಿಡಿದವರು, ಗಿಡುಗ ಹೊತ್ತವನು, ಉಣ್ಣೆ ಮಖಮಲ್ಲಿನಲ್ಲಿ ಬೇಯುತ್ತಿದ್ದ ಗಂಡಸರು, ಎಲ್ಲರೂ ಆ ಒಂದು ಕಾಲಿಗಾಗಿ ಕಾದರು. ಏನೂ ಮಾಡದೆ ನಿಲ್ಲುವುದು ಅವನಿಗೆ ಎಷ್ಟು ಕಷ್ಟವಾಗುತ್ತಿದೆ ಎಂದು ನಿವೆಸ್ ನೋಡಿದಳು. ದವಡೆ ಬಿಗಿದಿತ್ತು, ಬೆರಳುಗಳು ಮಡಿಚಿ ಬಿಚ್ಚುತ್ತಿದ್ದವು. ಆದರೂ ನಿಂತಿದ್ದ. ಇಷ್ಟು ವರ್ಷ ಅವಳು ಕಾಪಾಡಿಕೊಂಡು ಬಂದ ಸಿಟ್ಟು ಇಂಥ ಜಾಗದಲ್ಲಿ, ಇಷ್ಟು ಜನರ ಮುಂದೆ ಕೈಕೊಡುತ್ತಿದೆಯಲ್ಲ ಎಂದು ಅದಕ್ಕೂ ಸಿಟ್ಟು ಬಂತು.

ಫೌಸ್ತಾ ಉಸಿರೆಳೆದುಕೊಂಡು ಕಾಲೆತ್ತಿಟ್ಟಳು. ಮತ್ತೊಂದು ಹೆಜ್ಜೆ. "ನಡೀರೋ," ಎಂದಳು ಡೊಳ್ಳಿನವರಿಗೆ. "ಹೆಣ ಹೊರೋರ ಹಾಗೆ ನಿಂತಿದೀರಲ್ಲ."

ಚೌಕದಲ್ಲಿ ತೀರ್ಪುಗಾರರು ಮೂವರು. ಅವರಲ್ಲೊಬ್ಬಳು ಕನ್ನಡಕ ಸರಿಮಾಡಿಕೊಂಡು ನಿಲುವಂಗಿಯ ಎದೆಯನ್ನು ನೋಡಿದಳು. ಬೆರಳಿನಿಂದ ತೂತುಗಳನ್ನು ಮುಟ್ಟಿದಳು.

"ಹೊಲಿಗೆ ಚೆನ್ನಾಗಿದೆ. ಆದ್ರೆ ಹೀಗೆ ಮುಂದೆ ತೆರೆಯೋದು ಬಸುರಿಯರಿಗೆ, ಬಾಣಂತಿಯರಿಗೆ ಅಲ್ವಾ?"

"ಹೌದು," ಎಂದಳು ಫೌಸ್ತಾ, ಐವತ್ತು ದಾಟಿದ ಗಾಂಭೀರ್ಯದಲ್ಲಿ. "ಐದು ತಿಂಗಳು. ಯಾರಿಗೂ ಹೇಳ್ಬೇಡಿ."

ಬಹುಮಾನ ಎದುರಾಳಿ ಗಂಟೆ ಕೇರಿಗೆ ಹೋಯಿತು. ಮುಂದೆ ಸೀಳದೆ ಇದ್ದಿದ್ದರೆ ನಮಗೇ ಬರುತ್ತಿತ್ತೇನೋ ಎಂದು ಒಟ್ಟಾವಿಯೊ ಗೊಣಗಿದ. ಬೀಗದ ಕೈ ಹಂಚಿಕೊಂಡು ತಿರುಗದೆ ಇದ್ದಿದ್ದರೆ ಸೀಳುವ ಅಗತ್ಯವೇ ಬರುತ್ತಿರಲಿಲ್ಲ ಎಂದಳು ನಿವೆಸ್. ಆಮೇಲೆ ಅವನು ಕರಿದ ಆಲಿವ್ ತಿನ್ನುವುದರಲ್ಲಿ ಮಗ್ನನಾದ.

ಬೀದಿಗೆ ಉದ್ದಕ್ಕೆ ಹಾಕಿದ ಮೇಜುಗಳಲ್ಲಿ ಊಟ ಶುರುವಾಗುತ್ತಿತ್ತು. ಇನ್ನೂ ಬೆಳಕಿತ್ತು. ಸುಟ್ಟ ಹಂದಿಮಾಂಸದ ಘಮ, ವೈನ್ ಬಾಟಲಿಗಳ ಸದ್ದು. ಫೌಸ್ತಾ ಮೇಜಿನ ತುದಿಯಲ್ಲಿ ದೊರೆಸಾನಿಯಂತೆ ಕೂತು, ತಟ್ಟೆಯಲ್ಲಿದ್ದುದನ್ನು ತಾನೇ ಕತ್ತರಿಸಿಕೊಳ್ಳಲು ಹೋರಾಡುತ್ತಿದ್ದಳು. ಲಿವಿಯೊ ಅವಳಿಂದ ಸಾಕಷ್ಟು ದೂರ ಕೂತಿದ್ದ. ನಿವೆಸ್ ಹಿಂದಿನಿಂದ ಬಂದು ಅವನ ಭುಜ ತಟ್ಟಿದಳು.

"ಒಳಗೆ ಬಾ."

ಸಂಘದ ಕೋಣೆಯಲ್ಲಿ ಅವನನ್ನು ಕಿಟಕಿಯ ಹತ್ತಿರ ನಿಲ್ಲಿಸಿ, ಬೀರುವಿನಿಂದ ಅಳತೆಯ ಟೇಪು ತೆಗೆದು, ಅವನ ಕಾಲ ಬಳಿ ಮಂಡಿಯೂರಿ ಕೂತಳು. ಆ ಮುದುರಿದ ಕಾಲುಚೀಲವನ್ನು ಅಸಹ್ಯದಿಂದ ಕೆಳಗೆ ಸರಿಸಿದಳು.

"ಏನು ಮಾಡ್ತಿದೀಯ?"

"ಅಲ್ಲಾಡಬೇಡ. ಇದನ್ನ ಹಾಕ್ಕೊಂಡು ಇನ್ನೊಂದು ಸಲ ನನ್ನ ಕಣ್ಣಿಗೆ ಬಿದ್ದೆ ಅಂದ್ರೆ ನೋಡು." ಮೀನಖಂಡದ ಸುತ್ತ ಟೇಪು ಬಂತು. ಅವಳ ಬೆರಳು ತಾಗಿದಲ್ಲಿ ಅವನ ಕಾಲು ಬಿಗಿಯಿತು. "ಬಿಗಿ ಹಿಡೀಬೇಡ, ಅಳತೆ ತಪ್ಪುತ್ತೆ."

"ನಾನು ಬಿಗಿ ಹಿಡಿದಿಲ್ಲ. ಅದೇ ಆಗ್ತಿದೆ."

ಅವಳು ತಲೆ ಎತ್ತಲಿಲ್ಲ. ಕಿವಿ ಬಿಸಿಯಾದದ್ದು ಕಾಣದಿರಲಿ ಎಂದು ಇನ್ನಷ್ಟು ಬಗ್ಗಿದಳು.

"ನಿವೆಸ್, ಒಂದು ಕೇಳ್ಬೇಕು."

"ಕೇಳು. ಅದಕ್ಕೆ ಇಪ್ಪತ್ತು ವರ್ಷದಿಂದ ಕಾಯ್ತಿದೀನಿ."

"ನಿನಗೆ ಇನ್ನೂ ಸಿಟ್ಟಿದೆಯಾ?"

"ಇದೆ."

"ಎಷ್ಟಿದೆ?"

"ತುಂಬಾ ಇದೆ. ಒಂದು ಸಲಕ್ಕೆ ಮುಗಿಯಲ್ಲ." ಟೇಪು ಮಂಡಿಯ ಮೇಲೆ ಬಂತು. "ಕಾಲುಚೀಲ, ಮೇಲಂಗಿ, ಅದರ ಮೇಲೊಂದು ಕೋಟು. ಎಲ್ಲಾ ಕೈ ಹೊಲಿಗೆ. ಅವಸರ ಮಾಡಲ್ಲ ನಾನು. ಬರೋ ವರ್ಷಕ್ಕೆ ಆಗುತ್ತೆ ಅಂತ ಹೇಳಕ್ಕಾಗಲ್ಲ, ಅದರಾಚೆ ವರ್ಷನೂ ಆಗಬಹುದು. ವಾರಕ್ಕೊಮ್ಮೆ ಬಂದು ನಿಂತು ಅಳತೆ ಕೊಡಬೇಕು. ಬೈಸ್ಕೋಬೇಕು. ಅಷ್ಟು ದಿನ ಈ ಊರಲ್ಲಿ ಇರ್ತೀಯಾ? ಈಗ್ಲೇ ಹೇಳು. ಇಲ್ಲ ಅಂದ್ರೆ ಬಟ್ಟೆ ದಂಡ."

ಮೇಲೆ ನೋಡಿದಳು. ಅವನು ಕನ್ನಡಕ ತೆಗೆದು ಅಂಗಿಯ ಸೊಟ್ಟ ತೋಳಿಗೆ ಕಣ್ಣೊರೆಸಿಕೊಳ್ಳುತ್ತಿದ್ದ.

"ಇರ್ತೀನಿ," ಎಂದ. "ನಿನ್ನ ಪಕ್ಕ ಕೂತ್ಕೋಬಹುದಾ?"

"ಮೊದ್ಲು ಇನ್ನೊಂದು ಕಾಲು ಕೊಡು."

ಅವನು ಇನ್ನೊಂದು ಕಾಲು ಮುಂದಿಟ್ಟ. ಅವಳು ಅಳತೆ ತೆಗೆದಳು, ಎರಡೆರಡು ಸಲ ತೆಗೆದಳು, ಆಮೇಲೆ ಟೇಪನ್ನು ಸುತ್ತಿ ಬದಿಗಿಟ್ಟು, ನೆಲದ ಮೇಲೆ ತನ್ನ ಪಕ್ಕದಲ್ಲಿ ಹರಡಿದ್ದ ಲಂಗವನ್ನು ಎಳೆದುಕೊಂಡು ಜಾಗ ಮಾಡಿದಳು.